ಹುಲ್ಲು ಎಣಿಸುವ ಮಾಸ್ತರರು

ಶೋಕಸಭೆಯಲ್ಲಿ ನನಗೂ ಎರಡು ಮಾತು ಆಡಲು ಹೇಳಿದ್ದರು. ಎದ್ದು ನಿಂತು, "ಅವರಷ್ಟು ಹುಲ್ಲು ಬಲ್ಲವರನ್ನು ನಾನು ಕಂಡಿಲ್ಲ" ಎಂದು ಹೇಳಿ ಕುಳಿತುಬಿಟ್ಟೆ. ದುಃಖದಿಂದ ನನಗೆ ಮಾತು ಹೊರಡಲಿಲ್ಲ ಎಂದುಕೊಂಡು ಪ್ರಿನ್ಸಿಪಾಲರು ತಾವೇ ಕಣ್ಣೊರೆಸಿಕೊಂಡರು. ನನಗೆ ದುಃಖ ಆಗಿರಲಿಲ್ಲ. ಹೇಳುವುದು ಬಹಳ ಇತ್ತು, ಹಾರ ಹಾಕಿದ ಫೋಟೋದ ಎದುರು ಅದನ್ನೆಲ್ಲ ಹೇಳುವಂತಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಅವರು ಸೊಲ್ಲಾಪುರದ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು. ಅಕ್ಕಲಕೋಟ ಸಂಸ್ಥಾನ ವಿಲೀನವಾಗಿ ನಾಲ್ಕೈದು ವರ್ಷ ಕಳೆದಿದ್ದ ಕಾಲ. ನಾನು ಪುಣೆಯಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಅವರ ಕೈಕೆಳಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ಡಾಕ್ಟರೇಟಿಗೂ ಅವರ ಹತ್ತಿರವೇ ಹೆಸರು ಹಚ್ಚಿದೆ. ದನ ಕುರಿ ಮೇಯ್ದ ನೆಲದಲ್ಲಿ ಯಾವ ಹುಲ್ಲು ಉಳಿಯುತ್ತದೆ, ಮೇಯಿಸದೆ ಬಿಟ್ಟರೆ ಯಾವ ಹುಲ್ಲು ತಿರುಗಿ ಬರುತ್ತದೆ ಎಂಬುದರ ಮೇಲೆ ಕೆಲಸ ಮಾಡುತ್ತಿದ್ದವರು ಆಗ ನಮ್ಮ ಭಾಗದಲ್ಲಿ ಅವರೊಬ್ಬರೇ.

ಕುಳ್ಳ ಮನುಷ್ಯ. ಬಿಳಿ ಷರ್ಟಿನ ಇಸ್ತ್ರಿ ಬಿಸಿಲಲ್ಲೂ ಮುರಿಯುತ್ತಿರಲಿಲ್ಲ. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಪಾಠ ಇಂಗ್ಲಿಷಿನಲ್ಲಿ ಮಾಡುತ್ತಿದ್ದರು, ಸ್ಟಾಫ್ ರೂಮಿನಲ್ಲಿ ಮರಾಠಿ ಆಡುತ್ತಿದ್ದರು. ಮನೆಮಾತು ಕನ್ನಡ, ಆದರೆ ಅದನ್ನು ನೋಯಿಸುವುದಕ್ಕೆಂದೇ ತೆಗೆದಿಟ್ಟಿದ್ದರು. ನಾವು ಬರೆದು ಒಯ್ದದ್ದನ್ನು ನಮ್ಮೆದುರೇ ಓದುತ್ತಿದ್ದರು. ಹಿಡಿಸದ ಹಾಳೆಯನ್ನು ಹರಿಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಬೆರಳು ಸಡಿಲಿಸಿ ನೆಲಕ್ಕೆ ಬಿಟ್ಟುಬಿಡುತ್ತಿದ್ದರು. ನಾವು ಬಗ್ಗಿ ಅವರ ಕಾಲ ಹತ್ತಿರದಿಂದ ಅದನ್ನು ಎತ್ತಿಕೊಳ್ಳುವ ತನಕ ಮುಂದಿನ ಹಾಳೆ ತಿರುವುತ್ತಿರಲಿಲ್ಲ.

ಮೊದಲ ದಿನ ನನ್ನನ್ನು ಕೇಳಿದ್ದು ಕನ್ನಡದಲ್ಲಿಯೇ. "ನಿಮ್ಮಪ್ಪಂದು ಚಾದರದ ಅಂಗಡಿ ಐತಿ, ಹೌದಲ್ಲವಾ? ಮತ್ತ ನಿನಗ ಡಾಕ್ಟರ್ ಪದವಿ ಯಾಕ? ಅಂಗಡಿ ಬೋರ್ಡಿನ ಮ್ಯಾಲ ಬರಸಾಕೇನು?"

ನಾನು ಹುಲ್ಲುಗಳ ಬಗ್ಗೆ ನನಗಿರುವ ಆಸಕ್ತಿಯನ್ನು ಹೇಳತೊಡಗಿದೆ. ಅವರು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡು, "ಆಸಕ್ತಿ ಆಡಿಗೂ ಇರತೈತಿ" ಅಂದರು.

ವಿಶ್ವವಿದ್ಯಾಲಯದ ನಿಯಮಗಳಲ್ಲಿ ಅಂಥ ಕಷ್ಟವೇನೂ ಇರಲಿಲ್ಲ. ಗೊತ್ತುಪಡಿಸಿದಷ್ಟು ಕಾಲ ಗುರುಗಳ ಹತ್ತಿರ ಕೆಲಸ ಮಾಡಬೇಕು, ಇಂಗ್ಲಿಷ್ ಬಿಟ್ಟು ಯುರೋಪಿನ ಇನ್ನೊಂದು ಭಾಷೆ ಓದಲು ಬರಬೇಕು, ಪ್ರಬಂಧ ಬರೆಯಬೇಕು, ಹೊರಗಿನ ಪರೀಕ್ಷಕರು ಅದನ್ನು ಒಪ್ಪಬೇಕು, ಕೊನೆಗೆ ಅವರೆದುರು ಕುಳಿತು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಇವುಗಳ ನಡುವೆ, ಇದು ಅಭ್ಯರ್ಥಿಯ ಸ್ವಂತ ಕೆಲಸ ಎಂದು ಗುರುಗಳು ಸಹಿ ಹಾಕಿಕೊಡಬೇಕು. ಅವರ ದರ್ಬಾರೆಲ್ಲ ಆ ಒಂದು ಸಹಿಯ ಮೇಲೆ ನಡೆಯುತ್ತಿತ್ತು.

ಅದಕ್ಕಾಗಿ ಕಾಯುತ್ತಿದ್ದವರು ನಾವಿಬ್ಬರು. ನಾನು, ಮತ್ತು ಬೀರಪ್ಪ. ಬೀರಪ್ಪ ಹುಲಜಂತಿ ಕಡೆಯ ಕುರುಬರ ಹುಡುಗ. ಸ್ಕಾಲರ್‌ಶಿಪ್ಪಿನ ಮೇಲೆ ಓದಿ, ಎಂ.ಎಸ್ಸಿ.ಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದು ಬಂದವನು. ಮಾತು ಕಡಿಮೆ. ನನ್ನನ್ನು ಅಕ್ಕಾ ಅನ್ನುತ್ತಿದ್ದ. ಸರ್ ಅವನನ್ನು ಆರಿಸಿಕೊಂಡದ್ದು ಅವನ ಬುದ್ಧಿ ನೋಡಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವನನ್ನು ಬೇರೆಯವರಿಗೆ ಪರಿಚಯಿಸುವಾಗ ಮರಾಠಿಯಲ್ಲಿ, "ಇವರ ಮನೆಯವರು ಮೇಯಿಸಿ ಹಾಳು ಮಾಡಿದ್ದನ್ನು ಇವನು ಅಭ್ಯಾಸ ಮಾಡುತ್ತಾನೆ" ಎಂದು ನಗಿಸುತ್ತಿದ್ದರು.

ನಾವು ಆರಿಸಿದ ಭಾಷೆ ಜರ್ಮನ್. ಅಭ್ಯಾಸ ನಮ್ಮ ಕೆಲಸದ ಜಾಗಕ್ಕೆ ಹೋಗುವ ಅಕ್ಕಲಕೋಟದ ಬಸ್ಸಿನಲ್ಲಿ. ಸರ್ ಮುಂದಿನ ಸೀಟಿನಲ್ಲಿ ಬೆನ್ನು ಹಾಕಿ ಕುಳಿತಿರುತ್ತಿದ್ದರು, ನಾವು ಹಿಂದಿನಿಂದ ಗಟ್ಟಿಯಾಗಿ ಓದಬೇಕು. ಸಂತೆಗೆ ಹೊರಟ ಹೆಂಗಸರು, ಬುಟ್ಟಿಯೊಳಗಿನ ಕೋಳಿ, ಕಂಡಕ್ಟರ್, ಎಲ್ಲರಿಗೂ ಕೇಳಬೇಕು. ಬೀರಪ್ಪನಿಗೆ ಆ ಭಾಷೆಯ ಗಂಟಲ ಅಕ್ಷರಗಳು ಏಳುತ್ತಿರಲಿಲ್ಲ. ಸರ್ ಹಿಂದೆ ತಿರುಗಿ ಕಂಡಕ್ಟರನಿಗೆ, "ಇವನು ಕುರಿ ಕರೆಯಾಕತ್ತಾನೋ, ಜರ್ಮನ್ ಓದಾಕತ್ತಾನೋ, ನಿನಗೇನರೇ ತಿಳೀತೇನು?" ಎಂದು ಕೇಳುತ್ತಿದ್ದರು. ಬಸ್ಸೆಲ್ಲ ನಗುತ್ತಿತ್ತು. ಬೀರಪ್ಪ ಕಿವಿ ಕೆಂಪಗೆ ಮಾಡಿಕೊಂಡು ಅದೇ ಸಾಲನ್ನು ಮತ್ತೆ ಓದುತ್ತಿದ್ದ. ಆ ಪರೀಕ್ಷೆಯನ್ನು ನಾನು ಹೇಗೋ ದಾಟಿದೆ. ಅವನು ಮೊದಲನೆಯವನಾಗಿ ಬಂದ.

ಆ ಜಾಗ ಅಕ್ಕಲಕೋಟದ ಆಚೆ, ಮೈಂದರ್ಗಿಯ ಹೊರಗಿತ್ತು. ಸಂಸ್ಥಾನದ ಕುದುರೆಗಳಿಗಾಗಿ ಹಿಂದೆ ಕಾದಿಟ್ಟಿದ್ದ ಹುಲ್ಲುಗಾವಲು, ಊರವರ ಬಾಯಲ್ಲಿ ಕುರಣ. ಕುದುರೆ ಹೋದವು, ಕಾವಲು ಹೋಯಿತು, ಸುತ್ತಲಿನ ಊರುಗಳ ದನಕುರಿ ನುಗ್ಗಿ ಅದನ್ನು ಬೋಳು ಮಾಡಿದ್ದವು. ಅದರ ಒಂದು ಭಾಗಕ್ಕೆ ಸರ್ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದರು. ಮೂರು ಮಳೆಗಾಲ ಅದರೊಳಗೆ ಯಾವ ಪ್ರಾಣಿಯೂ ಬಾಯಿ ಹಾಕಕೂಡದು. ನಾವು ಕಟ್ಟಿಗೆಯ ಚೌಕಟ್ಟೊಂದನ್ನು ಕಂಡಕಂಡಲ್ಲಿ ಎಸೆದು, ಅದು ಬಿದ್ದಲ್ಲಿ ಕುಳಿತು, ಅದರೊಳಗಿನ ಒಂದೊಂದು ಗಿಡದ ಹೆಸರು ಬರೆದು ಎಣಿಸಬೇಕು. ಬೇಲಿಯ ಒಳಗೂ ಹೊರಗೂ. ಮೈಂದರ್ಗಿಯವರು ಬಂದು ನೋಡಿ, ತಲೆ ತಿರುಗಿದವರಿರಬೇಕು ಅಂದುಕೊಂಡು ಸರ್‌ಗೆ ಹುಲ್ಲು ಎಣಿಸುವ ಮಾಸ್ತರರು ಎಂದು ಹೆಸರಿಟ್ಟಿದ್ದರು.

ಆ ಬೇಲಿಯೊಳಗೆ ಅವರು ಬೇರೆಯೇ ಮನುಷ್ಯ. ಚಪ್ಪಲಿ ಹೊರಗೆ ಬಿಡುತ್ತಿದ್ದರು. ಇಸ್ತ್ರಿ ಪ್ಯಾಂಟಿನಲ್ಲೇ ಮೊಣಕಾಲೂರಿ, ದನಕುರಿಗೆ ಪ್ರಿಯವಾದ ಮಾರವೇಲ ಹುಲ್ಲಿನ ಗೆಣ್ಣನ್ನು ಎರಡು ಬೆರಳಲ್ಲಿ ಹಿಡಿದು, ಹಸುಗೂಸಿನ ಕೈ ಹಿಡಿದ ಹಾಗೆ ಹಿಡಿದು, ಸುಮ್ಮನೆ ನೋಡುತ್ತಿದ್ದರು. ಒಮ್ಮೆ ನನಗೆ ತೋರಿಸಿದರು. ಹೊರಗೆ ಬರೀ ಕುಸಳಿ, ಬಟ್ಟೆಗೂ ಕುರಿಯ ಚರ್ಮಕ್ಕೂ ಸೂಜಿಯಂತೆ ಚುಚ್ಚುವ ಹುಲ್ಲು. ಒಳಗೆ, ಒಂದೇ ಮಳೆಗಾಲಕ್ಕೆ, ಮಾರವೇಲ ಹೆಜ್ಜೆ ಹೆಜ್ಜೆಗೆ ತಿರುಗಿ ಬರುತ್ತಿತ್ತು. "ನೆಲ ಏನೂ ಮರ್ತಿಲ್ಲ ನೋಡು" ಅಂದರು. ಅದು ಕನ್ನಡದಲ್ಲಿತ್ತು, ಅದರಲ್ಲಿ ಮುಳ್ಳಿರಲಿಲ್ಲ. ಅವರಿಂದ ಅಂಥ ಕನ್ನಡವನ್ನು ನಾನು ಕೇಳಿದ್ದು ಅದೊಂದೇ ಸಲ.

ಮೈಂದರ್ಗಿಯ ಚಹಾದ ಅಂಗಡಿಯವನು ಹೇಳಿದ, ಅವರ ತಂದೆ ಅದೇ ಕುರಣದ ಕಾವಲುಗಾರನಾಗಿದ್ದನಂತೆ, ಸರ್ ಹುಟ್ಟಿದ್ದೇ ಅಲ್ಲಿನ ಕಾವಲು ಗುಡಿಸಿಲಲ್ಲಂತೆ. ಇದನ್ನು ಕೇಳಿದವರು ಓಹೋ, ಅದಕ್ಕೇ ಹಾಗೆ, ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಕಾವಲುಗಾರರ ಮಕ್ಕಳೆಲ್ಲ ಹಾಗಿರುವುದಿಲ್ಲ.

ನನ್ನ ಮದುವೆಯ ಮಾತು ನಡೆದಿತ್ತು. ಗುಲಬರ್ಗಾದ ವ್ಯಾಪಾರಿಯೊಬ್ಬರು ಮಗನಿಗಾಗಿ ನನ್ನನ್ನು ನೋಡಿ ಒಪ್ಪಿ, ಹೋಗುವ ದಾರಿಯಲ್ಲಿ ಕಾಲೇಜಿಗೂ ಬಂದು ಹುಡುಗಿಯ ನಡತೆ ವಿಚಾರಿಸಿದರು. ಸರ್ ಅವರಿಗೆ ಚಹಾ ತರಿಸಿದರು. ನಾನು ಪಕ್ಕದ ಪ್ರಯೋಗಶಾಲೆಯಲ್ಲಿರುವುದು ಅವರಿಗೆ ಗೊತ್ತಿತ್ತು. "ಹುಡುಗಿ ಭಾಳ ಚಲೋರಿ ಸಾವಕಾರ್ರ. ಬಿಸಲಾಗ ತಿರಗಿ ತಿರಗಿ ಕರ್ರಗಾಗ್ಯಾಳ, ಇನ್ನೆರಡ ವರ್ಷ ಹಂಗ ತಿರಗತಾಳ. ಗಂಡಸರ ಜೋಡಿ ಬಸ್ಸಿನ್ಯಾಗ ಜರ್ಮನ್ ಮಾತಾಡತಾಳ. ಅಡಗಿ ಮನ್ಯಾಗ ಏನ ಮಾತಾಡತಾಳೋ ನನಗ ಗೊತ್ತಿಲ್ಲ." ಒಂದೂ ಸುಳ್ಳಲ್ಲ. ಆ ಸಂಬಂಧ ಅಲ್ಲಿಗೇ ನಿಂತಿತು. ಆ ಹುಡುಗ ಎಂಥವನೆಂದು ಆಮೇಲೆ ಕೇಳಿ ತಿಳಿದಾಗ, ತಪ್ಪಿದ್ದೇ ಒಳ್ಳೆಯದಾಯಿತು ಅನ್ನಿಸಿತು. ಆದರೆ ಸರ್ ಅದನ್ನು ನನ್ನ ಒಳ್ಳೆಯದಕ್ಕೆ ಮಾಡಿರಲಿಲ್ಲ. ಅವ್ವ ಆ ವಾರವೆಲ್ಲ ಊಟ ಬಿಟ್ಟು ಮಲಗಿದ್ದಳು.

ಎರಡನೆಯ ವರ್ಷ ಮಳೆ ನಡುವೆಯೇ ಕೈಕೊಟ್ಟಿತು. ಶಿವರಾತ್ರಿ ದಾಟುವಷ್ಟರಲ್ಲಿ ಮೈಂದರ್ಗಿ ಸುತ್ತಲಿನ ನೆಲದಲ್ಲಿ ಕುಸಳಿಯೂ ಉಳಿದಿರಲಿಲ್ಲ. ನಮ್ಮ ಬೇಲಿಯೊಳಗೆ ಮಾತ್ರ ಮೊಣಕಾಲೆತ್ತರದ ಒಣಹುಲ್ಲು ಗಾಳಿಗೆ ಹಳದಿಯಾಗಿ ತೂಗುತ್ತಿತ್ತು. ಒಂದು ಮಧ್ಯಾಹ್ನ ನಾವು ಮೂವರೂ ಅಲ್ಲಿದ್ದಾಗ ದೂರದಿಂದ ಧೂಳು ಎದ್ದಿತು. ಕುರಿಹಿಂಡು. ಮುಂದೆ ಕಂಬಳಿ ಹೊದ್ದ ಮುದುಕ. ಬೀರಪ್ಪ ಕೈಯಲ್ಲಿದ್ದ ಚೌಕಟ್ಟನ್ನು ಕೆಳಗಿಟ್ಟು ನಿಂತುಬಿಟ್ಟ. "ನಮ್ಮಪ್ಪರಿ ಅಕ್ಕಾ" ಅಂದ.

ಅವನ ತಂದೆ ಮಾಳಪ್ಪ ಬೇಲಿಯ ಹೊರಗೆ ಬಂದು ಕುಕ್ಕರಗಾಲಲ್ಲಿ ಕುಳಿತ. ಒಳಗಿನ ಹುಲ್ಲನ್ನು ನೋಡಿದ, ಮಗನನ್ನು ನೋಡಿದ. ಎರಡನ್ನೂ ನೋಡಿ ಅವನ ಮುಖ ಅರಳಿತ್ತು.

"ತಮ್ಮಾ, ಒಂದ ಹೊತ್ತ ಬಿಡೋ ಒಳಗ. ಗಬ್ಬದ ಕುರಿ ಅದಾವು. ನಾಕ ದಿನ ಆತು ಹೊಟ್ಟಿಗಿಲ್ಲ. ಸಂಜಿಗೆ ಹೊಡಕೊಂಡು ಭೀಮಿ ದಂಡಿಗೆ ಹೊಕ್ಕೀನಿ."

ಬೀರಪ್ಪ ಬೇವಿನ ನೆರಳಲ್ಲಿ ಕುಳಿತಿದ್ದ ಸರ್ ಹತ್ತಿರ ಬಂದ. ಸರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನನ್ನ ಯಾಕ ಕೇಳತೀ?" ಅಂದರು, ಕನ್ನಡದಲ್ಲಿ. "ಬಿಡು. ನಿಮ್ಮಪ್ಪ, ನಿಮ್ಮ ಕುರಿ, ನಿನ್ನ ಪ್ರಬಂಧ. ಎರಡ ವರ್ಷದ ಹುಲ್ಲು ಒಂದ ಸಂಜಿಗೆ ಮುಗೀತೈತಿ. ಆಮ್ಯಾಲ ನೀನೂ ಒಂದ ಕೋಲ ತೊಗೊಂಡು ಅವರ ಬೆನ್ನ ಹತ್ತು. ಅದೂ ಒಂದ ಕಸಬನ."

"ಒಂದ ಮೂಲಿ ಅಷ್ಟ ಬಿಡೂಣ್ರಿ ಸರ್. ಉಳದ ಅರ್ಧದಾಗ ನಾ ರೀಡಿಂಗ್..."

"ಅರ್ಧ ಡಾಕ್ಟರ್ ಆಗತೀಯೇನು?"

ಸರ್ ತಮ್ಮ ಊರುಗೋಲನ್ನು ಅವನ ಕೈಗೆ ಕೊಟ್ಟರು. "ಬೇಲಿ ಸಡ್ಲಿದ್ದಲ್ಲಿ ಹೋಗಿ ನಿಂದರು. ಅವಕ್ಕೇನು ಪದವಿ ತಿಳೀತೈತಿ, ನುಗ್ತಾವ."

ನಾನು ಸರ್ ಎದುರು ಹೋಗಿ, ಇದು ಸರಿಯಲ್ಲ, ಒಂದು ಸಂಜೆ ಬಿಟ್ಟರೆ ಭೂಮಿ ಮುಳುಗುವುದಿಲ್ಲ ಅಂದೆ. ಅವರು ಸಿಟ್ಟಾಗಲಿಲ್ಲ. "ಇವತ್ತ ಇವರನ್ನ ಬಿಟ್ರ ನಾಳಿ ಮೈಂದರ್ಗಿ ಎಲ್ಲಾ ಬಂದ ನಿಂದರತೈತಿ. ಅವರಿಗೆ ಏನಂತ ಬ್ಯಾಡ ಅನ್ನೂದು? ಹತ್ತ ವರ್ಷಕ್ಕ ಇಲ್ಲಿ ಹುಲ್ಲೂ ಇರೂದಿಲ್ಲ, ಕುರಿನೂ ಇರೂದಿಲ್ಲ. ಆಗ ಅವಕ್ಕ ನಿಮ್ಮಪ್ಪನ ಚಾದರ ತಿನಸತೀಯೇನು?" ಅವರು ಹೇಳಿದ್ದು ನಿಜ ಎಂಬುದೇ ಅವರನ್ನು ಕ್ಷಮಿಸುವುದಕ್ಕೆ ನನಗಿರುವ ದೊಡ್ಡ ಅಡ್ಡಿ.

ಹುಲ್ಲಿನ ವಾಸನೆಗೆ ಕುರಿಗಳು ಮುಳ್ಳನ್ನೂ ಲೆಕ್ಕಿಸದೆ ಒತ್ತಿ ಬಂದವು. ಹೊಟ್ಟೆ ಜೋತ ಕುರಿಯೊಂದು ಜಾಲಿಮುಳ್ಳಿನ ಸಂದಿಯಲ್ಲಿ ತಲೆ ತೂರಿಸಿ, ಕಿವಿ ಹರಿದು ರಕ್ತ ಸುರಿಯುತ್ತಿದ್ದರೂ ನಾಲಗೆ ಚಾಚಿತು. ಬೀರಪ್ಪ ಅದರ ಮೂತಿಗೆ ಹೊಡೆದ. ಅದು ಹಿಂದೆ ಸರಿಯಲಿಲ್ಲ. ಮತ್ತೆ ಹೊಡೆದ. ಮಾಳಪ್ಪ ಎದ್ದು ಬಂದು ಆ ಕುರಿಯ ಕೊರಳಿಗೆ ಕೈಹಾಕಿ ಮುಳ್ಳಿನಿಂದ ಬಿಡಿಸಿಕೊಂಡ. ಮಗನ ಕಡೆ ತಿರುಗಲಿಲ್ಲ.

"ಸಾಯೇಬ್ರು ಒಲ್ಲೆ ಅಂತಾರ, ನಡೀರವ್ವಾ" ಎಂದು ಕುರಿಗಳಿಗೆ ಹೇಳಿದ. ಅವನ ದನಿಯಲ್ಲಿ ಬೇಸರವೂ ಇರಲಿಲ್ಲ. ಅಧಿಕಾರಿಯೊಬ್ಬ ಇಲ್ಲ ಅಂದಾಗ ತಿರುಗಿ ಹೋಗುವ ಹಾಗೆ ಹಿಂಡನ್ನು ತಿರುಗಿಸಿಕೊಂಡು ಹೋದ. ಸರ್ ಥರ್ಮಾಸಿನಿಂದ ಚಹಾ ಬಗ್ಗಿಸಿ ಬೀರಪ್ಪನಿಗೆ ಕೊಟ್ಟರು. ಅವನು ಕುಡಿದ. ಆಮೇಲೆ ಚೌಕಟ್ಟು ಎತ್ತಿಕೊಂಡು ಕತ್ತಲಾಗುವ ತನಕ ಎಣಿಸಿದ.

ಆ ಹಿಂಡು ಭೀಮಾ ನದಿ ಮುಟ್ಟುವುದರೊಳಗೆ ಗಬ್ಬದ ಕುರಿಗಳು ಕಂದು ಹಾಕಿದವು, ದಾರಿಯುದ್ದಕ್ಕೂ ಒಂದೊಂದಾಗಿ ಬಿದ್ದವು. ಉಳಿದ ನಾಲ್ಕನ್ನು ಕಟುಕರಿಗೆ ಕೊಟ್ಟು ಮಾಳಪ್ಪ ಸೊಲ್ಲಾಪುರಕ್ಕೆ ಬಂದು ಗಿರಣಿಯಲ್ಲಿ ಹತ್ತಿಯ ಗಂಟು ಹೊರುವ ಕೆಲಸಕ್ಕೆ ಸೇರಿಕೊಂಡ. ಬೀರಪ್ಪ ಭಾನುವಾರಗಳಲ್ಲಿ ಅವನಿದ್ದ ಚಾಳಿನ ಕೋಣೆಗೆ ಹೋಗಿ ಬರುತ್ತಿದ್ದ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮುದುಕ ನಮಗೆ ಚಹಾ ಮಾಡಿಕೊಟ್ಟ, ಮಗನಿಗೆ "ತೊಗೋರಿ" ಅಂದ. ತಮ್ಮಾ ಅನ್ನುವುದನ್ನು ಬಿಟ್ಟಿದ್ದ.

ನಾನು ಸರ್ ಅವರನ್ನು ಬಿಟ್ಟೆ. ಆ ಮಧ್ಯಾಹ್ನದ ಕಾರಣಕ್ಕೆ ಬಿಟ್ಟೆ ಎಂದರೆ ಚೆನ್ನಾಗಿ ಕೇಳಿಸುತ್ತದೆ. ನಿಜವಾದ ಕಾರಣ ಪ್ರಬಂಧಕ್ಕಾಗಿ ನಾನು ಬಿಡಿಸಿದ್ದ ಹುಲ್ಲುಗಳ ಚಿತ್ರಗಳು. ಒಂದು ತೆನೆಯ ಬಾಲ ಬಾಗುವ ಜಾಗ ಕೂದಲೆಳೆಯಷ್ಟು ತಪ್ಪಿದ್ದಕ್ಕೆ, "ಈ ಹುಲ್ಲಿನ ಸೊಂಟ ಮುರದಿ ನೋಡವಾ" ಎಂದು ವರ್ಷದ ಚಿತ್ರಗಳನ್ನೆಲ್ಲ ಒಂದೊಂದಾಗಿ ನೆಲಕ್ಕೆ ಬಿಟ್ಟರು. ನಾನು ಈ ಸಲ ಎತ್ತಿಕೊಳ್ಳಲಿಲ್ಲ. ಕಾಲೇಜಿನ ಕೆಲಸದಲ್ಲಿದ್ದುಕೊಂಡೇ ಪುಣೆಯ ಇನ್ನೊಬ್ಬ ಗುರುಗಳ ಹತ್ತಿರ ಹೆಸರು ಹಚ್ಚಿದೆ. ದೇವರಂಥವರು. ಬರೆದದ್ದಕ್ಕೆಲ್ಲ ತಲೆಯಾಡಿಸಿದರು, ಕೇಳಿದಾಗ ಸಹಿ ಹಾಕಿದರು. ನನ್ನ ಪ್ರಬಂಧವನ್ನು ಆಮೇಲೆ ಯಾರೂ ತೆರೆದು ನೋಡಿಲ್ಲ. ಬೀರಪ್ಪನದನ್ನು ಹುಲ್ಲಿನ ಕೆಲಸ ಮಾಡುವವರು ಈಗಲೂ ಕೇಳಿ ತರಿಸಿಕೊಳ್ಳುತ್ತಾರೆ.

ಬೀರಪ್ಪನ ಮೌಖಿಕ ಪರೀಕ್ಷೆ ನಮ್ಮ ವಿಭಾಗದಲ್ಲೇ ನಡೆಯಿತು. ಡೆಮಾನ್‌ಸ್ಟ್ರೇಟರ್ ಆಗಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮುಂಬಯಿಯಿಂದ ಬಂದ ಪರೀಕ್ಷಕರು ಮರಾಠಿಯವರು, ಹಿರಿಯರು. ಪ್ರಬಂಧ ಅವರಿಗೆ ಬಹಳ ಹಿಡಿಸಿತ್ತು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಬೀರಪ್ಪ ನೆಟ್ಟಗೆ ಉತ್ತರ ಹೇಳಿದ. ಪರೀಕ್ಷಕರು ಹಾಳೆಗಳನ್ನು ಮುಚ್ಚಿ, ಇನ್ನು ನೀವು ಏನಾದರೂ ಕೇಳುವುದಿದೆಯೇ ಎಂದು ಮರ್ಯಾದೆಗೆ ಸರ್ ಕಡೆ ನೋಡಿದರು. ಗುರುಗಳು ಆ ಹೊತ್ತಿಗೆ ಏನೂ ಕೇಳುವುದಿಲ್ಲ, ನಗುತ್ತಾರೆ. ಸರ್ ಮುಂದಕ್ಕೆ ಬಾಗಿ ಕನ್ನಡದಲ್ಲಿ ಕೇಳಿದರು.

"ಬೇಲಿ ಒಳಗಿಂದೆಲ್ಲಾ ಎಣಿಸಿ ಬರದಿ. ಹೊರಗ ನಿಮ್ಮಪ್ಪನ ಕುರಿ ಸತ್ತವು. ಎಷ್ಟು ಸತ್ತವು? ಅದು ಪ್ರಬಂಧದಾಗ ಎಲ್ಲೂ ಇಲ್ಲಲ್ಲ."

ಕೋಣೆಯಲ್ಲಿ ಆ ಮಾತು ತಿಳಿದವರು ನಾವು ಮೂವರೇ. ಬೀರಪ್ಪ ಮೇಜಿನ ಅಂಚನ್ನು ಹಿಡಿದುಕೊಂಡಿದ್ದ. ನಾನು ಅವನು ಎದ್ದು ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಎಣಿಸಿಲ್ಲರಿ ಸರ್" ಅಂದ. "ನೀವು ನನಗ ಹುಲ್ಲ ಎಣಸೂದು ಅಷ್ಟ ಕಲಿಸೀರಿ."

"ಕಾಯ ಮ್ಹಣಾಲಾ ತೋ?" ಪರೀಕ್ಷಕರು ಸರ್ ಅವರನ್ನು ಕೇಳಿದರು, ಏನು ಹೇಳಿದ ಅವನು ಎಂದು.

"ಸರಿಯಾದ ಉತ್ತರ ಹೇಳಿದ" ಎಂದು ಸರ್ ಮರಾಠಿಯಲ್ಲಿ ಹೇಳಿ, ಜೇಬಿನಿಂದ ಪೆನ್ನು ತೆಗೆದು, ಅಲ್ಲಿದ್ದ ವರದಿಗೆ ಸಹಿ ಹಾಕಿದರು. ಮುಖದಲ್ಲಿ ಸಂತೋಷವಿತ್ತು. ಹಾಗೆ ಕೇಳಿಯೂ ಅವನು ಕುರ್ಚಿಯಲ್ಲೇ ಕುಳಿತಿದ್ದನಲ್ಲ, ಅದನ್ನು ನೋಡುವುದೇ ಅವರಿಗೆ ಬೇಕಿತ್ತೆಂದು ನನಗೆ ಅನ್ನಿಸಿತು. ಅದೇ ತಿಂಗಳು ಅವನಿಗೆ ವಿಭಾಗದಲ್ಲಿ ಲೆಕ್ಚರರ್ ಕೆಲಸ ಕೊಡಿಸಿದರು. ಅದಕ್ಕಾಗಿ ಆಡಳಿತ ಮಂಡಳಿಯವರ ಮನೆಮನೆಗೆ ಅಲೆದರು. ಇದನ್ನೂ ಹೇಳಬೇಕು.

ಅವರಿಗೆ ಲಕ್ವಾ ಹೊಡೆದದ್ದು ಮರುವರ್ಷ. ಅಕ್ಕಲಕೋಟದಲ್ಲಿ ಅವರ ಹೆಂಡತಿಯ ತವರಿನ ಹಳೆಯ ಮನೆಯಲ್ಲಿ ಮಲಗಿಸಿದ್ದರು. ನಾನೂ ಬೀರಪ್ಪನೂ ಬಸ್ಸಿನಲ್ಲಿ ಹೋದೆವು. ಮಾತು ಪೂರ್ತಿ ಹೋಗಿತ್ತು, ಬಲಗೈ ಬಿದ್ದುಹೋಗಿತ್ತು. ಗಂಟಲಿಗೂ ಲಕ್ವಾ ಬಡಿದಿದ್ದರಿಂದ ನುಂಗಲು ಬರುತ್ತಿರಲಿಲ್ಲ. ಮೂಗಿನ ನಳಿಗೆಯಿಂದ ಗಂಜಿ ಹಾಕುತ್ತಿದ್ದರು. ಕಣ್ಣು ಮಾತ್ರ ಹಾಗೆಯೇ ಇದ್ದವು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದವು.

"ಕೈ ಮಾಡಿ ನೀರ ಕೇಳತಾರಪ್ಪಾ" ಎಂದು ಹೆಂಡತಿ ಬೀರಪ್ಪನಿಗೆ ಹೇಳಿದರು. "ಕುಡಸಬ್ಯಾಡ್ರಿ, ಪುಪ್ಪಸಕ್ಕ ಹೊಕ್ಕೈತಿ ಅಂದಾರ ಡಾಕ್ಟರು. ಕೇಳಿದ್ರ ಆ ಅರಿವಿ ಒದ್ದಿ ಮಾಡಿ ತುಟಿಗೆ ಹಚ್ಚು. ಅಷ್ಟ ನಡೀತೈತಂತ." ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಬಟ್ಟಲಲ್ಲಿ ನೀರು, ಅದರ ಅಂಚಿಗೆ ಮಡಿಚಿದ ಬಿಳಿ ಬಟ್ಟೆ ಇತ್ತು. ಆಕೆ ನನ್ನನ್ನು ಕರೆದುಕೊಂಡು ಅಡಿಗೆಮನೆಗೆ ಹೋದರು. ನಾವು ಅಲ್ಲಿ ಬಹಳ ಹೊತ್ತು ಮಾತಾಡಿದೆವು, ಆಕೆ ಅತ್ತರು, ಚಹಾ ಆಯಿತು.

ಹೊರಗೆ ಬಂದಾಗ ಬಟ್ಟಲು ಸ್ಟೂಲಿನ ಮೇಲೆ ಇರಲಿಲ್ಲ. ದೂರದ ಕಿಟಕಿಯ ಕಟ್ಟೆಯ ಮೇಲಿತ್ತು. ಬಟ್ಟೆ ಒಣಗಿದ್ದು ಒಣಗಿದಂತೆಯೇ ಮಡಿಚಿಟ್ಟಿತ್ತು. ಸರ್ ಅವರ ಎಡಗೈ ಹಾಸಿಗೆಯಿಂದ ಹೊರಗೆ, ಕಿಟಕಿಯ ಕಡೆಗೆ ಚಾಚಿ ಜೋತುಬಿದ್ದಿತ್ತು. ತುಟಿಗಳು ಬಿರಿದಿದ್ದವು. ಬೀರಪ್ಪ ಪಕ್ಕದಲ್ಲಿ ಕೈಕಟ್ಟಿಕೊಂಡು ಕುಳಿತಿದ್ದ.

"ಕೇಳಲಿಲ್ಲೇನು?" ಎಂದರು ಹೆಂಡತಿ.

"ಕೇಳಿದ್ರರಿ. ಡಾಕ್ಟರು ಬ್ಯಾಡ ಅಂದಾರಂತಲ್ಲರಿ."

ಆಕೆ ನಿಟ್ಟುಸಿರಿಟ್ಟು ಗಂಡನ ಕೈಯನ್ನು ಎತ್ತಿ ಹೊದಿಕೆಯೊಳಗೆ ಇಟ್ಟರು. "ನೋಡಾಕ ಬಂದವರೆಲ್ಲಾ ಕರುಳ ತಡೀದ ಒಂದ ಚಮಚ ಹಾಕಿಬಿಡತಾರ, ಆಮ್ಯಾಲ ಇಡೀ ರಾತ್ರಿ ಕೆಮ್ಮು. ಇವನೊಬ್ಬ ಖರೇ ಶಿಷ್ಯ ನೋಡ್ರಿ" ಎಂದು ನನಗೆ ಹೇಳಿದರು.

ಸರ್ ಬೀರಪ್ಪನನ್ನೇ ನೋಡುತ್ತಿದ್ದರು. ನಾವು ಎದ್ದು ಹೊಸ್ತಿಲು ದಾಟುವ ತನಕವೂ.

ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ನನಗೆ ತಡೆಯಲಾಗಲಿಲ್ಲ. "ಕುಡಸಬ್ಯಾಡ ಅಂದಿದ್ರು, ಖರೆ. ಅರಿವಿ ಒದ್ದಿ ಮಾಡಿ ತುಟಿಗೆ ಹಚ್ಚಬಹುದಿತ್ತಲ್ಲ ಬೀರಪ್ಪಾ? ಅವ್ರು ಹೇಳೇ ಹೋಗಿದ್ರಲ್ಲ."

"ನನಗ ಕೇಳಿಸಿತ್ತರಿ ಅಕ್ಕಾ."

"ಮತ್ತ ಯಾಕ ಹಚ್ಚಲಿಲ್ಲ?"

ಅವನು ನಡಿಗೆ ನಿಲ್ಲಿಸಲಿಲ್ಲ. "ಮನಸ ಬರಲಿಲ್ಲರಿ" ಅಂದ.

ಸೊಲ್ಲಾಪುರದ ಬಸ್ಸು ಹೊರಡುವುದಕ್ಕೆ ನಿಂತಿತ್ತು. ಅವನು ನನಗಿಂತ ಮುಂದೆ ಓಡಿ ಹತ್ತಿ, ಕಿಟಕಿಯ ಪಕ್ಕದಲ್ಲಿ ನನಗೊಂದು ಸೀಟು ಹಿಡಿದ.